ಪಿಎಲ್‌ಸಿಗೆ ಯಂತ್ರ ಕಾಣಿಸುವುದಿಲ್ಲ

ಎಲ್ಲರಿಗೂ ನಮಸ್ಕಾರ. ಒಂದು ಕನ್ವೇಯರನ್ನು ಕಣ್ಮುಂದೆ ತಂದುಕೊಳ್ಳಿ. ಮೇಲೆ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬರುತ್ತಿವೆ. ಒಂದು ಕಡೆ ಸೆನ್ಸರ್ ಇದೆ. ಪೆಟ್ಟಿಗೆ ಅದರ ಎದುರಿಗೆ ಬಂದ ಕೂಡಲೇ ಪಕ್ಕದ ಏರ್ ಸಿಲಿಂಡರ್ ಚಾಚಿಕೊಂಡು ಅದನ್ನು ಬೇರೆ ಸಾಲಿಗೆ ತಳ್ಳುತ್ತದೆ. ನೋಡಿದವರಿಗೆ ಏನನ್ನಿಸುತ್ತದೆ? ಪ್ಯಾನೆಲ್ ಒಳಗೆ ಕೂತಿರುವ ಪಿಎಲ್‌ಸಿ, ಅಂದರೆ ಯಂತ್ರವನ್ನು ನಡೆಸುವ ಕಂಪ್ಯೂಟರ್, ಪೆಟ್ಟಿಗೆಯನ್ನು ನೋಡಿತು, ತಳ್ಳು ಅಂತ ಹೇಳಿತು, ಸಿಲಿಂಡರ್ ತಳ್ಳಿತು.

ಪಿಎಲ್‌ಸಿಗೆ ಪೆಟ್ಟಿಗೆ ಕಾಣಿಸುವುದೇ ಇಲ್ಲ. ಕನ್ವೇಯರ್ ಕಾಣಿಸುವುದಿಲ್ಲ, ಸಿಲಿಂಡರೂ ಕಾಣಿಸುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಇನ್‌ಪುಟ್ ಟರ್ಮಿನಲ್‌ಗೆ, ಅಂದರೆ ಹೊರಗಿನ ವೈರ್ ಬಂದು ಸೇರುವ ಜಾಗಕ್ಕೆ, ಈಗ ವೋಲ್ಟೇಜ್ ಬಂದಿದೆಯೋ ಇಲ್ಲವೋ ಅನ್ನುವುದು ಮಾತ್ರ. ಅದರ ಕೈಲಾಗುವುದು ಔಟ್‌ಪುಟ್ ಟರ್ಮಿನಲ್‌ಗೆ ವೋಲ್ಟೇಜ್ ಕೊಡುವುದು, ಇಲ್ಲವೇ ತೆಗೆಯುವುದು. ಈ ಎರಡು ಸಾಲು ಟರ್ಮಿನಲ್‌ಗಳ ಆಚೆಗಿನದೆಲ್ಲ ಅದಕ್ಕೆ ಕತ್ತಲೆ. ಇಷ್ಟು ವರ್ಷ ಪ್ಯಾನೆಲ್‌ಗಳ ಮುಂದೆ ನಿಂತ ಮೇಲೆ, ಹೊಸದಾಗಿ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇವತ್ತಿನ ಮಾತೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಬರುವ ಮೊದಲು ಈ ಕೆಲಸ ಮಾಡುತ್ತಿದ್ದದ್ದು ರಿಲೇಗಳು. ರಿಲೇ ಒಳಗೆ ಒಂದು ಕಾಯಿಲ್, ಕೆಲವು ಕಾಂಟ್ಯಾಕ್ಟ್‌ಗಳು. ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ಕಾಂಟ್ಯಾಕ್ಟ್‌ಗಳನ್ನು ಎಳೆಯುತ್ತದೆ. ತೆರೆದಿದ್ದ ಕಾಂಟ್ಯಾಕ್ಟ್ ಮುಚ್ಚಿ ಕರೆಂಟ್ ಹರಿಯಲು ಬಿಡುತ್ತದೆ, ಮುಚ್ಚಿದ್ದು ತೆರೆದು ಅದನ್ನು ತಡೆಯುತ್ತದೆ. 'ರಕ್ಷಣೆಯ ಗಾರ್ಡ್ ಬಾಗಿಲು ಮುಚ್ಚಿದ್ದರೆ, ಗಾಳಿಯ ಒತ್ತಡ ಸಾಕಷ್ಟಿದ್ದರೆ, ಮೋಟರ್ ಓಡಲಿ' ಅನ್ನುವ ಯೋಚನೆಯನ್ನು ವೈರಿನಲ್ಲೇ ಕಟ್ಟುತ್ತಿದ್ದರು. ದೊಡ್ಡ ಯಂತ್ರ ಅಂದರೆ ನೂರಾರು ರಿಲೇ, ಗೋಡೆಯುದ್ದಕ್ಕೂ ಪ್ಯಾನೆಲ್. ಯಂತ್ರದ ಕೆಲಸ ಸ್ವಲ್ಪ ಬದಲಾದರೂ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕು. ಕಾರು ತಯಾರಿಸುವವರಿಗೆ ಮಾಡೆಲ್ ಬದಲಾದಾಗಲೆಲ್ಲ ಇದೇ ಪಾಡು.

1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್ ವಿಭಾಗ, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡುವ ವಿಭಾಗ, ಈ ರಿಲೇ ಪ್ಯಾನೆಲ್‌ಗಳ ಬದಲಿಗೆ ಬೇರೆ ದಾರಿ ತೋರಿಸಿ ಎಂದು ತಯಾರಕರನ್ನು ಕೇಳಿತು. ಆ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಅನ್ನುವ ಸಂಸ್ಥೆಯಲ್ಲಿ ಡಿಕ್ ಮಾರ್ಲಿ ಮತ್ತು ಜೊತೆಯವರು ಇಂಥದ್ದೇ ಒಂದನ್ನು ಕಟ್ಟುತ್ತಿದ್ದರು. ಅದು ಅವರ 84ನೇ ಪ್ರಾಜೆಕ್ಟ್. ಹಾಗಾಗಿ ಅದಕ್ಕೆ 084 ಎಂದೇ ಹೆಸರಿಟ್ಟರು. ಅದನ್ನು ತಯಾರಿಸಿ ಮಾರಲು ಹುಟ್ಟಿದ ಕಂಪನಿ ಮಾಡಿಕಾನ್. 'ಮಾಡ್ಯುಲರ್ ಡಿಜಿಟಲ್ ಕಂಟ್ರೋಲರ್' ಅನ್ನುವುದನ್ನು ಚಿಕ್ಕದು ಮಾಡಿದರೆ ಮಾಡಿಕಾನ್. 1969ರಲ್ಲಿ 084 ಜನರಲ್ ಮೋಟರ್ಸ್‌ಗೆ ತಲುಪಿತು.

ಈ ಕತೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಬೇರೆಯೇ ಇದೆ. ಹೊಸ ಯಂತ್ರವನ್ನು ನೋಡಿಕೊಳ್ಳಬೇಕಾದವರು ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳು. ಅವರಿಗೆ ಕಂಪ್ಯೂಟರ್ ಭಾಷೆ ಬರುತ್ತಿರಲಿಲ್ಲ. ಆದರೆ ರಿಲೇ ಡ್ರಾಯಿಂಗ್ ಓದುವುದು ನೀರು ಕುಡಿದಷ್ಟು ಸಲೀಸು. ಎಡಕ್ಕೊಂದು, ಬಲಕ್ಕೊಂದು ನಿಂತ ಗೆರೆ. ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಗೆರೆಗಳು. ಮೆಟ್ಟಿಲ ಮೇಲೆ ಕಾಂಟ್ಯಾಕ್ಟ್‌ಗಳು, ಕೊನೆಯಲ್ಲಿ ಕಾಯಿಲ್. ಪ್ರೋಗ್ರಾಂ ಬರೆಯುವುದನ್ನೂ ಇದೇ ಚಿತ್ರದ ರೂಪಕ್ಕೆ ತಂದರು. ಅದೇ ಲ್ಯಾಡರ್. ಕೆಲಸ ಮಾಡುವವರ ಕೈಗೆ ಹತ್ತಿರವಾಗಿ ಉಪಕರಣ ಮಾಡಬೇಕು ಅನ್ನುವ ಈ ಯೋಚನೆ ಎಷ್ಟು ಗಟ್ಟಿಯಾಗಿತ್ತು ಅಂದರೆ, ಐವತ್ತು ವರ್ಷ ದಾಟಿದರೂ ಲ್ಯಾಡರ್ ಬಳಕೆಯಲ್ಲಿದೆ. ಮಧ್ಯರಾತ್ರಿ ಯಂತ್ರ ನಿಂತಾಗ ಲ್ಯಾಪ್‌ಟಾಪ್ ತೆರೆದ ಎಲೆಕ್ಟ್ರಿಷಿಯನ್‌ಗೆ, ಪರದೆಯ ಮೇಲೆ ಯಾವ ಕಾಂಟ್ಯಾಕ್ಟ್‌ವರೆಗೆ ಷರತ್ತು ಸರಿಯಿದ್ದು ಹಸಿರು ಬಂದಿದೆ, ಎಲ್ಲಿ ಕಡಿದಿದೆ ಅಂತ ಒಂದು ನೋಟಕ್ಕೆ ಕಾಣುತ್ತದೆ. ಲ್ಯಾಡರ್ ಜೊತೆಗೆ ಬೇರೆ ಭಾಷೆಗಳೂ ಬಂದವು. 1993ರಲ್ಲಿ ಐಇಸಿ, ಅಂದರೆ ವಿದ್ಯುತ್ ಉಪಕರಣಗಳಿಗೆ ಮಾನದಂಡ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ, ಇವನ್ನೆಲ್ಲ ಒಂದು ಮಾನದಂಡದಡಿ ತಂದಿತು. ಈಗ ಅದನ್ನು 61131-3 ಅನ್ನುತ್ತಾರೆ. ಲೆಕ್ಕಾಚಾರ ಜಾಸ್ತಿ ಇದ್ದರೆ ಸ್ಟ್ರಕ್ಚರ್ಡ್ ಟೆಕ್ಸ್ಟ್ ಒಳ್ಳೆಯದು, ಹಂತ ಹಂತವಾಗಿ ನಡೆಯುವ ಕೆಲಸಕ್ಕೆ ಸೀಕ್ವೆನ್ಶಿಯಲ್ ಫಂಕ್ಷನ್ ಚಾರ್ಟ್. ಮೊದಲು ಲ್ಯಾಡರ್ ಕಲಿಯಿರಿ. ಉಳಿದದ್ದು ತಾನಾಗಿ ಬರುತ್ತದೆ.

ಈಗ ಟರ್ಮಿನಲ್ ಹತ್ತಿರ ಬರೋಣ. ಡಿಜಿಟಲ್ ಇನ್‌ಪುಟ್ ಸಾಮಾನ್ಯವಾಗಿ 24 ವೋಲ್ಟ್ ಡಿಸಿ. ಹೆಚ್ಚಿನ ಕಾರ್ಡ್‌ಗಳಲ್ಲಿ 15 ವೋಲ್ಟ್‌ಗಿಂತ ಮೇಲಿದ್ದರೆ 1, 5 ವೋಲ್ಟ್‌ಗಿಂತ ಕೆಳಗಿದ್ದರೆ 0. ನಡುವಿನ ವೋಲ್ಟೇಜ್ ಬಂದರೆ ಏನೆಂದು ಓದುತ್ತದೋ ಹೇಳಲಾಗದು. ಒಳಗೆ ಆಪ್ಟೊಕಪ್ಲರ್ ಇರುತ್ತದೆ. ಹೊರಗಿನಿಂದ ಬಂದ ವೋಲ್ಟೇಜ್ ಒಂದು ಪುಟ್ಟ ಎಲ್‌ಇಡಿಯನ್ನು ಬೆಳಗಿಸುತ್ತದೆ. ಆಚೆ ಬದಿಯಲ್ಲಿ ಬೆಳಕು ಗುರುತಿಸುವ ಟ್ರಾನ್ಸಿಸ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. ಹೊರಗಿನ ವೈರಿಗೂ ಒಳಗಿನ ಪ್ರೊಸೆಸರ್‌ಗೂ ನೇರ ನಂಟಿಲ್ಲ, ನಡುವೆ ಇರುವುದು ಬೆಳಕು ಮಾತ್ರ. ಮೋಟರ್‌ಗಳು, ವೆಲ್ಡಿಂಗ್ ಯಂತ್ರಗಳು ಎಬ್ಬಿಸುವ ವಿದ್ಯುತ್ ಗದ್ದಲದ ನಡುವೆ ಪಿಎಲ್‌ಸಿ ವರ್ಷಗಟ್ಟಲೆ ಬಾಳುವುದಕ್ಕೆ ಇದೂ ಒಂದು ಕಾರಣ.

ಟರ್ಮಿನಲ್‌ನಲ್ಲಿ 0 ಇದೆ ಅಂದರೆ ಏನರ್ಥ? ಬಟನ್ ಒತ್ತಿಲ್ಲ ಅಂತಲೂ ಇರಬಹುದು. ವೈರ್ ಕಡಿದಿದೆ ಅಂತಲೂ ಇರಬಹುದು. ಫ್ಯೂಸ್ ಹೋಗಿರಬಹುದು, ಸ್ಕ್ರೂ ಸಡಿಲವಾಗಿರಬಹುದು. ಪಿಎಲ್‌ಸಿಗೆ ಇವೆಲ್ಲವೂ ಒಂದೇ.

ನನ್ನ ಕೆಲಸದ ಆರಂಭದ ದಿನಗಳಲ್ಲಿ ನಡೆದದ್ದೊಂದನ್ನು ಹೇಳುತ್ತೇನೆ. ಒಂದು ಯಂತ್ರಕ್ಕೆ ಸ್ಟಾಪ್ ಬಟನ್ ಹಾಕಿದ್ದರು. ಒತ್ತಿದರೆ ಕಾಂಟ್ಯಾಕ್ಟ್ ಮುಚ್ಚುತ್ತದೆ, ಇನ್‌ಪುಟ್ 1 ಆಗುತ್ತದೆ, ಪ್ರೋಗ್ರಾಂ ಮೋಟರ್ ನಿಲ್ಲಿಸುತ್ತದೆ. ಪರೀಕ್ಷೆ ಮಾಡಿದಾಗ ಚೆನ್ನಾಗಿಯೇ ಕೆಲಸ ಮಾಡಿತ್ತು. ತಿಂಗಳುಗಟ್ಟಲೆ ಅಲುಗಾಡಿ ಅಲುಗಾಡಿ ಬಟನ್ ಹಿಂದಿನ ಸ್ಕ್ರೂ ಸಡಿಲವಾಯಿತು. ವೈರ್ ಆಚೆ ಬಂತು. ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಯಂತ್ರ ಎಂದಿನಂತೆ ಓಡುತ್ತಿತ್ತು. ಒಂದು ದಿನ ಮಾಲು ಸಿಕ್ಕಿಕೊಂಡಾಗ ಆಪರೇಟರ್ ಸ್ಟಾಪ್ ಒತ್ತಿದರು. ಯಂತ್ರ ನಿಲ್ಲಲಿಲ್ಲ. ಮತ್ತೆ ಮತ್ತೆ ಒತ್ತಿದರು. ಕೊನೆಗೆ ಓಡಿ ಹೋಗಿ ಮೇನ್ ಸ್ವಿಚ್ ಆಫ್ ಮಾಡಿದರು. ಯಾರಿಗೂ ಪೆಟ್ಟಾಗಲಿಲ್ಲ. ಆ ಮನುಷ್ಯನ ಮುಖ ಮಾತ್ರ ನನಗೆ ಇನ್ನೂ ನೆನಪಿದೆ.

ಅದಕ್ಕೇ ಸ್ಟಾಪ್ ಬಟನ್ ಯಾವಾಗಲೂ ಎನ್‌ಸಿ. ಅಂದರೆ ಒತ್ತದೆ ಇರುವಾಗ ಮುಚ್ಚಿರುವ ಕಾಂಟ್ಯಾಕ್ಟ್. ಎಲ್ಲ ಸರಿ ಇದ್ದಾಗ ಟರ್ಮಿನಲ್‌ಗೆ 24 ವೋಲ್ಟ್ ಬರುತ್ತಲೇ ಇರುತ್ತದೆ. ಒತ್ತಿದರೆ ಹೋಗುತ್ತದೆ. ವೈರ್ ಕಡಿದರೂ ಹೋಗುತ್ತದೆ. ಎರಡಕ್ಕೂ ಯಂತ್ರ ನಿಲ್ಲುತ್ತದೆ. ವೈರ್ ಕಡಿದಾಗ ಸುಮ್ನೆ ಯಂತ್ರ ನಿಂತಿತಲ್ಲ ಅಂತ ಬೈದುಕೊಳ್ಳಬಹುದು. ಬೈದುಕೊಳ್ಳಲಿ. ನಿಲ್ಲಬೇಕಾದಾಗ ನಿಲ್ಲದೆ ಹೋಗುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಇಲ್ಲಿ ಹೊಸಬರೆಲ್ಲ ಎಡವುವ ಒಂದು ಜಾಗ ಇದೆ. ಬಟನ್ ಎನ್‌ಸಿ ಆಗಿದ್ದರೆ ಲ್ಯಾಡರ್‌ನಲ್ಲೂ ಎನ್‌ಸಿ ಕಾಂಟ್ಯಾಕ್ಟ್ ಹಾಕಬೇಕು ಅಲ್ವಾ? ಬೇಡ. ಲ್ಯಾಡರ್‌ನಲ್ಲಿರುವ ಕಾಂಟ್ಯಾಕ್ಟ್ ಬಟನ್‌ನ ಚಿತ್ರವಲ್ಲ. ಅದು ಟರ್ಮಿನಲ್ ಬಗ್ಗೆ ಕೇಳುವ ಪ್ರಶ್ನೆ. ಎನ್‌ಓ, ಅಂದರೆ ಒತ್ತದೆ ಇರುವಾಗ ತೆರೆದಿರುವ ಕಾಂಟ್ಯಾಕ್ಟ್‌ನ ಗುರುತು ಹಾಕಿದರೆ 'ಈ ಇನ್‌ಪುಟ್ 1 ಇದೆಯಾ?' ಅಂತ ಕೇಳಿದ ಹಾಗೆ. ಎನ್‌ಸಿ ಗುರುತು ಹಾಕಿದರೆ '0 ಇದೆಯಾ?' ಅಂತ. ಸ್ಟಾಪ್ ಒತ್ತದೆ ಇರುವಾಗ ಇನ್‌ಪುಟ್ 1. ನಮಗೆ ಬೇಕಾದದ್ದು '1 ಇದ್ದರೆ ಮುಂದೆ ಹೋಗು'. ಹಾಗಾಗಿ ಎನ್‌ಸಿ ವೈರ್ ಮಾಡಿದ ಸ್ಟಾಪ್ ಬಟನ್‌ಗೆ ಲ್ಯಾಡರ್‌ನಲ್ಲಿ ಎನ್‌ಓ ಕಾಂಟ್ಯಾಕ್ಟ್. ಇದು ಒಮ್ಮೆ ಮನಸ್ಸಿಗೆ ಹತ್ತಿದರೆ ಅರ್ಧ ಲ್ಯಾಡರ್ ಬಂದ ಹಾಗೆ.

ಆ ಮೆಟ್ಟಿಲನ್ನು ಪೂರ್ತಿ ಕಟ್ಟೋಣ. ಮೊದಲು ಸ್ಟಾಪ್ ಕಾಂಟ್ಯಾಕ್ಟ್. ಅದರ ಮುಂದೆ ಸ್ಟಾರ್ಟ್ ಕಾಂಟ್ಯಾಕ್ಟ್. ಕೊನೆಯಲ್ಲಿ ಮೋಟರ್ ಕಾಯಿಲ್. ಸ್ಟಾರ್ಟ್ ಒತ್ತಿದರೆ ಮೋಟರ್ ಓಡುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಅದು ನಮಗೆ ಬೇಡ. ಅದಕ್ಕೆ ಸ್ಟಾರ್ಟ್ ಕಾಂಟ್ಯಾಕ್ಟ್‌ಗೆ ಸಮಾಂತರವಾಗಿ ಮೋಟರ್‌ನದ್ದೇ ಒಂದು ಕಾಂಟ್ಯಾಕ್ಟ್ ಹಾಕುತ್ತೇವೆ. ಹೋಲ್ಡಿಂಗ್ ಅಂತ ಕರೆಯುವುದು ಇದನ್ನೇ. ಮೋಟರ್ ಒಮ್ಮೆ ಆನ್ ಆದರೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಸ್ಟಾಪ್ ಒತ್ತಿದರೆ ಹಿಡಿತ ತಪ್ಪುತ್ತದೆ. ಇದರಲ್ಲಿ ಇನ್ನೊಂದು ಒಳ್ಳೆಯದಿದೆ. ಕರೆಂಟ್ ಹೋಗಿ ಬಂದರೂ ಮೋಟರ್ ತಾನಾಗಿ ಓಡುವುದಿಲ್ಲ, ಯಾರಾದರೂ ಬಂದು ಸ್ಟಾರ್ಟ್ ಒತ್ತಲೇಬೇಕು. ಇದೇ ಕೆಲಸವನ್ನು ಕರೆಂಟ್ ಹೋದರೂ ಮರೆಯದ ಮೆಮೊರಿಯಲ್ಲಿ ಸೆಟ್-ರೀಸೆಟ್ ಹಾಕಿ, ಅಂದರೆ ಒಮ್ಮೆ ಆನ್ ಮಾಡಿದರೆ ಆಫ್ ಮಾಡುವವರೆಗೂ ಆನ್ ಇರುವಂತೆ, ಬರೆದರೆ ಕತೆ ಬೇರೆ. ಕರೆಂಟ್ ಬಂದ ಕೂಡಲೇ ಯಂತ್ರ ಎದ್ದು ಕೂರುತ್ತದೆ. ಆಗ ಯಾರ ಕೈ ಎಲ್ಲಿದೆಯೋ ಯಾರಿಗೆ ಗೊತ್ತು?

ವೈರ್ ಕಡಿದದ್ದು ಗೊತ್ತಾಗಬೇಕು ಅನ್ನುವ ಇದೇ ಯೋಚನೆ, ಏರಿಳಿಯುವ ಅಳತೆಯನ್ನು ಹೇಳುವ ಅನಲಾಗ್ ಸಿಗ್ನಲ್‌ನಲ್ಲೂ ಇದೆ. ಒತ್ತಡ, ಉಷ್ಣತೆ, ಟ್ಯಾಂಕಿನ ಮಟ್ಟ ಇವನ್ನೆಲ್ಲ ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುತ್ತಾರೆ. ಹೀಗೆ ಅಳೆದು ಕಳಿಸುವ ಟ್ರಾನ್ಸ್‌ಮಿಟರ್ 0ರಿಂದ 10 ಬಾರ್‌ನದ್ದಾದರೆ, 4 ಮಿಲಿಆಂಪಿಯರ್ ಅಂದರೆ 0 ಬಾರ್, 12 ಅಂದರೆ 5 ಬಾರ್, 20 ಅಂದರೆ 10 ಬಾರ್. ಸೊನ್ನೆಯಿಂದಲೇ ಯಾಕೆ ಶುರು ಮಾಡಲಿಲ್ಲ? ಒತ್ತಡ ಇಲ್ಲ ಅನ್ನುವುದೂ ವೈರ್ ಇಲ್ಲ ಅನ್ನುವುದೂ ಬೇರೆ ಬೇರೆಯಾಗಿ ಕಾಣಬೇಕಲ್ಲ, ಅದಕ್ಕೆ. ಕರೆಂಟ್ ಸೊನ್ನೆಗೆ ಬಿದ್ದರೆ ವೈರ್ ಕಡಿದಿರಬೇಕು, ಇಲ್ಲವೇ ಟ್ರಾನ್ಸ್‌ಮಿಟರ್ ಸತ್ತಿರಬೇಕು.

ಟರ್ಮಿನಲ್ ಆಯಿತು. ಇನ್ನು ಸಮಯ. ಪಿಎಲ್‌ಸಿ ಟರ್ಮಿನಲ್‌ಗಳನ್ನು ಸದಾ ನೋಡುತ್ತಾ ಕೂತಿರುವುದಿಲ್ಲ. ಒಮ್ಮೆ ಎಲ್ಲ ಇನ್‌ಪುಟ್‌ಗಳನ್ನು ಓದಿ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಪ್ರೋಗ್ರಾಮನ್ನು ಮೇಲಿನ ಮೆಟ್ಟಿಲಿಂದ ಕೆಳಗಿನವರೆಗೆ ನಡೆಸುತ್ತದೆ. ಬಂದ ಉತ್ತರವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಔಟ್‌ಪುಟ್‌ಗೆ ಕಳಿಸುತ್ತದೆ. ಮತ್ತೆ ಮೊದಲಿನಿಂದ. ಇದನ್ನೇ ಸ್ಕ್ಯಾನ್ ಅನ್ನುವುದು. ಒಂದು ಸುತ್ತಿಗೆ ಕೆಲವು ಮಿಲಿಸೆಕೆಂಡ್, ದೊಡ್ಡ ಪ್ರೋಗ್ರಾಂ ಆದರೆ ಹತ್ತಾರು ಮಿಲಿಸೆಕೆಂಡ್. ಎಲ್ಲೋ ಸಿಕ್ಕಿಕೊಂಡು ಸುತ್ತು ಮುಗಿಯದೆ ಹೋದರೆ ಸುತ್ತಿನ ಸಮಯವನ್ನು ಕಾಯುವ ವಾಚ್‌ಡಾಗ್ ಟೈಮರ್ ಎಚ್ಚರಗೊಳ್ಳುತ್ತದೆ. ಪಿಎಲ್‌ಸಿ ಫಾಲ್ಟ್‌ಗೆ ಹೋಗಿ ನಿಲ್ಲುತ್ತದೆ.

ಅಂದರೆ ಪಿಎಲ್‌ಸಿ ಕಣ್ಣು ತೆರೆಯುತ್ತದೆ, ಮುಚ್ಚಿಕೊಂಡು ಯೋಚಿಸುತ್ತದೆ, ಕೈಯಾಡಿಸುತ್ತದೆ, ಮತ್ತೆ ಕಣ್ಣು ತೆರೆಯುತ್ತದೆ. ಕಣ್ಣು ಮುಚ್ಚಿದ್ದಾಗ ಬಂದು ಹೋದದ್ದು ಅದರ ಪಾಲಿಗೆ ನಡೆದೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಕನ್ವೇಯರ್ ನಿಮಿಷಕ್ಕೆ 30 ಮೀಟರ್ ಓಡುತ್ತಿದೆ. ಅಂದರೆ ಸೆಕೆಂಡಿಗೆ 500 ಮಿಲಿಮೀಟರ್. ಪೆಟ್ಟಿಗೆಯ ಉದ್ದ 100 ಮಿಲಿಮೀಟರ್ ಇದ್ದರೆ ಅದು ಸೆನ್ಸರ್ ಮುಂದೆ 200 ಮಿಲಿಸೆಕೆಂಡ್ ಇರುತ್ತದೆ. ಸ್ಕ್ಯಾನ್ 10 ಮಿಲಿಸೆಕೆಂಡ್ ಆದರೆ ತೊಂದರೆಯೇ ಇಲ್ಲ. ಅದೇ ಬೆಲ್ಟ್ ಮೇಲೆ 4 ಮಿಲಿಮೀಟರ್ ಅಗಲದ ತಗಡಿನ ತುಂಡು ಎಣಿಸಬೇಕು ಅಂದುಕೊಳ್ಳಿ. ಅದು ಸೆನ್ಸರ್ ಮುಂದೆ ಇರುವುದು 8 ಮಿಲಿಸೆಕೆಂಡ್. 10 ಮಿಲಿಸೆಕೆಂಡಿಗೊಮ್ಮೆ ಕಣ್ಣು ತೆರೆಯುವ ಪಿಎಲ್‌ಸಿಗೆ ಕೆಲವು ತುಂಡು ಸಿಗುತ್ತವೆ, ಕೆಲವು ತಪ್ಪಿ ಹೋಗುತ್ತವೆ. ಇದರ ಮೇಲೆ ಇನ್‌ಪುಟ್ ಕಾರ್ಡ್‌ನ ಫಿಲ್ಟರ್ ಬೇರೆ ಇದೆ. ಗದ್ದಲದಿಂದ ಬರುವ ಚಿಕ್ಕ ಚಿಕ್ಕ ಮಿನುಗುಗಳನ್ನು ಅದು ತಡೆಯುತ್ತದೆ, ಜೊತೆಗೆ ನಿಜವಾದ ಚಿಕ್ಕ ಸಿಗ್ನಲನ್ನೂ ತಡೆಯಬಹುದು. ಸೆನ್ಸರ್ ಮೇಲಿನ ಲೈಟ್ ಪ್ರತಿ ಸಲವೂ ಮಿನುಗುತ್ತದೆ, ಎಣಿಕೆ ಮಾತ್ರ ಕಡಿಮೆ. ಜನ ಸೆನ್ಸರ್ ಬದಲಾಯಿಸುತ್ತಾರೆ, ವೈರ್ ಬದಲಾಯಿಸುತ್ತಾರೆ. ತಪ್ಪು ಎರಡರದ್ದೂ ಅಲ್ಲ. ಇಂಥ ಕಡೆ ಹೈ ಸ್ಪೀಡ್ ಕೌಂಟರ್ ಬೇಕು. ಅದು ಸ್ಕ್ಯಾನ್‌ಗೆ ಕಾಯದೆ ಹಾರ್ಡ್‌ವೇರ್‌ನಲ್ಲೇ ಎಣಿಸುತ್ತದೆ.

ಇದರ ಉಲ್ಟಾ ತಪ್ಪೂ ಆಗುತ್ತದೆ. 100 ಮಿಲಿಮೀಟರ್ ಪೆಟ್ಟಿಗೆಗೆ 'ಸೆನ್ಸರ್ 1 ಇದ್ದರೆ ಎಣಿಕೆಗೆ ಒಂದು ಸೇರಿಸು' ಅಂತ ಬರೆದರೆ, 200 ಮಿಲಿಸೆಕೆಂಡಿನಲ್ಲಿ 20 ಸ್ಕ್ಯಾನ್ ಆಗುತ್ತದೆ. ಒಂದು ಪೆಟ್ಟಿಗೆಗೆ 20 ಲೆಕ್ಕ! ನಮಗೆ ಬೇಕಾದದ್ದು ಸೆನ್ಸರ್ 0ಯಿಂದ 1ಕ್ಕೆ ಬದಲಾದ ಆ ಒಂದು ಸ್ಕ್ಯಾನ್ ಮಾತ್ರ. ಅದನ್ನು ಹಿಡಿಯುವುದಕ್ಕೆ ರೈಸಿಂಗ್ ಎಡ್ಜ್ ಬಳಸುತ್ತೇವೆ. ಸಿದ್ಧವಾಗಿ ಸಿಗುವ ಕೌಂಟರ್ ಬ್ಲಾಕ್‌ಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ.

ಒಂದೇ ಔಟ್‌ಪುಟ್‌ಗೆ ಎರಡು ಮೆಟ್ಟಿಲಲ್ಲಿ ಕಾಯಿಲ್ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ಸ್ಕ್ಯಾನ್‌ನಲ್ಲೇ ಉತ್ತರ ಇದೆ. ಮೇಲಿನ ಮೆಟ್ಟಿಲು ಆನ್ ಅಂತ ಬರೆಯುತ್ತದೆ, ಕೆಳಗಿನದ್ದು ಆಫ್ ಅಂತ ಬರೆಯುತ್ತದೆ. ಹೊರಗೆ ಹೋಗುವುದು ಕೊನೆಯಲ್ಲಿ ಬರೆದದ್ದು. ಮೇಲಿನ ಮೆಟ್ಟಿಲು ಪೂರ್ತಿ ಹಸಿರು, ಔಟ್‌ಪುಟ್ ಮಾತ್ರ ಸತ್ತು ಬಿದ್ದಿದೆ. ತಲೆ ಕೆಡಿಸಿಕೊಂಡು ಕೂರುವ ಮೊದಲು ಆ ಔಟ್‌ಪುಟ್ ಇನ್ನೆಲ್ಲಿ ಬಳಕೆಯಾಗಿದೆ ಅಂತ ಹುಡುಕಿ.

ಇನ್ನು ಔಟ್‌ಪುಟ್ ಕಡೆ. ಔಟ್‌ಪುಟ್ ಲೈಟ್ ಉರಿಯಿತು ಅಂದರೆ ಪಿಎಲ್‌ಸಿ ಹೇಳಿದೆ ಅಂತ ಅರ್ಥ. ಕೆಲಸ ಆಗಿದೆ ಅಂತಲ್ಲ. ಮೋಟರ್‌ಗೆ ಕರೆಂಟ್ ಕೊಡುವ ದೊಡ್ಡ ರಿಲೇ, ಅಂದರೆ ಕಾಂಟ್ಯಾಕ್ಟರ್, ಅದರ ಕಾಯಿಲ್ ಸುಟ್ಟಿರಬಹುದು. ಮೋಟರ್ ಮೇಲೆ ಭಾರ ಹೆಚ್ಚಾಗಿ ಓವರ್‌ಲೋಡ್ ರಿಲೇ ಟ್ರಿಪ್ ಆಗಿರಬಹುದು. ಸಿಲಿಂಡರ್‌ಗೆ ಗಾಳಿ ಬರದೆ ಇರಬಹುದು. ಪಿಎಲ್‌ಸಿಗೆ ಇದು ಗೊತ್ತಾಗಬೇಕಾದರೆ ಮತ್ತೆ ಇನ್‌ಪುಟ್ ಮೂಲಕವೇ ಗೊತ್ತಾಗಬೇಕು. ಕಾಂಟ್ಯಾಕ್ಟರ್‌ನ ಆಕ್ಸಿಲರಿ ಕಾಂಟ್ಯಾಕ್ಟನ್ನು, ಅಂದರೆ ಅದರ ಜೊತೆಗೇ ಚಲಿಸುವ ಚಿಕ್ಕ ಕಾಂಟ್ಯಾಕ್ಟನ್ನು, ಒಂದು ಇನ್‌ಪುಟ್‌ಗೆ ತನ್ನಿ. ಸಿಲಿಂಡರ್‌ನ ಎರಡೂ ತುದಿಗೆ, ಪಿಸ್ಟನ್ ಅಲ್ಲಿಗೆ ಬಂದದ್ದನ್ನು ತಿಳಿಸುವ ರೀಡ್ ಸ್ವಿಚ್ ಹಾಕಿ. ಆಮೇಲೆ ಒಂದು ಆನ್-ಡಿಲೇ ಟೈಮರ್. ಔಟ್‌ಪುಟ್ ಕೊಟ್ಟು 2 ಸೆಕೆಂಡ್ ಆದರೂ ಮುಂದಿನ ತುದಿಯ ರೀಡ್ ಸ್ವಿಚ್ ಬರಲಿಲ್ಲ ಅಂದರೆ ಯಂತ್ರ ನಿಲ್ಲಲಿ, 'ಸಿಲಿಂಡರ್ ಮುಂದೆ ಹೋಗಲಿಲ್ಲ' ಅಂತ ಸ್ಕ್ರೀನ್ ಮೇಲೆ ಬರಲಿ. ಈ ಒಂದು ಸಾಲು ಬರೆಯಲು ನಿಮಗೆ ಹತ್ತು ನಿಮಿಷ. ಅದು ಇಲ್ಲದಿದ್ದರೆ ರಾತ್ರಿ ಪಾಳಿಯವರಿಗೆ ಹುಡುಕಲು ಒಂದು ಗಂಟೆ. ಒಳ್ಳೆಯ ಪ್ರೋಗ್ರಾಮರ್ ಯಾರು ಅಂತ ನಾನು ಅಳೆಯುವುದು ಇಂಥ ಸಾಲುಗಳಿಂದ.

ಮೋಟರನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸುವ ಎರಡು ಕಾಂಟ್ಯಾಕ್ಟರ್‌ಗಳ ವಿಷಯವೂ ಹೀಗೇ. ಎರಡೂ ಒಟ್ಟಿಗೆ ಎಳೆದರೆ ಫೇಸ್‌ಗಳ ನಡುವೆ ಶಾರ್ಟ್. ಪ್ರೋಗ್ರಾಂನಲ್ಲಿ ಒಂದು ಆನ್ ಇದ್ದಾಗ ಇನ್ನೊಂದು ಬರದಂತೆ ಇಂಟರ್‌ಲಾಕ್ ಹಾಕಿದ್ದೇನೆ, ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಪಿಎಲ್‌ಸಿ ಒಂದನ್ನು ಬಿಟ್ಟು ಮುಂದಿನ ಸ್ಕ್ಯಾನ್‌ನಲ್ಲೇ ಇನ್ನೊಂದಕ್ಕೆ ಹೇಳಬಲ್ಲದು. ಕಾಂಟ್ಯಾಕ್ಟರ್ ಬಿಟ್ಟುಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕೆಲವೊಮ್ಮೆ ಕಾಂಟ್ಯಾಕ್ಟ್ ಬೆಸುಗೆ ಹಾಕಿದಂತೆ ಅಂಟಿಕೊಂಡು ಬಿಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಒಂದರ ಎನ್‌ಸಿ ಕಾಂಟ್ಯಾಕ್ಟ್ ಇನ್ನೊಂದರ ಕಾಯಿಲ್ ಸಾಲಿನಲ್ಲಿ ವೈರ್ ಆಗಿಯೇ ಇರಬೇಕು.

ಎಮರ್ಜೆನ್ಸಿ ಸ್ಟಾಪ್ ಬಗ್ಗೆ ಒಂದೇ ಮಾತು. ಅದನ್ನು ಸಾಮಾನ್ಯ ಪಿಎಲ್‌ಸಿಯ ಪ್ರೋಗ್ರಾಂ ಮೇಲೆ ಬಿಡಬೇಡಿ. ಸುರಕ್ಷತೆಗೆಂದೇ ಮಾಡಿದ ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ ಮೂಲಕ ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ಬೇರೆ ಬೇರೆ ದಾರಿಯಲ್ಲಿ, ವೈರ್ ಮಾಡಿ, ಅಪಾಯ ಮಾಡುವ ಚಲನೆಯ ಪವರನ್ನೇ ಕಡಿಯಬೇಕು. ಎಮರ್ಜೆನ್ಸಿ ಒತ್ತಿದ್ದಾರೆ ಅನ್ನುವ ಸುದ್ದಿ ಸಾಮಾನ್ಯ ಪಿಎಲ್‌ಸಿಗೆ ಹೋಗಲಿ. ನಿಲ್ಲಿಸುವ ಹೊಣೆ ಅದರದ್ದಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ, ಯಾಕೆಂದರೆ ಅದು ಎಲ್ಲ ಕಡೆ ಬರುವ ಪ್ರಶ್ನೆ. 'ಸರ್, ಸೆನ್ಸರ್ ಕೆಟ್ಟಿದೆ, ಹೊಸದು ಬರಲು ಎರಡು ದಿನ. ಇನ್‌ಪುಟ್ ಫೋರ್ಸ್ ಮಾಡಿ ಯಂತ್ರ ಓಡಿಸಬಹುದಾ?'

ಫೋರ್ಸ್ ಅಂದರೆ ಟರ್ಮಿನಲ್‌ನಲ್ಲಿ ಏನೇ ಇರಲಿ, 1 ಇದೆ ಅಂತಲೇ ತಿಳಿದುಕೋ ಎಂದು ಪಿಎಲ್‌ಸಿಗೆ ಹೇಳುವುದು. ಅದಕ್ಕೆ ಇದ್ದ ಒಂದೇ ಕಿಟಕಿಗೆ ನಾವು ಚಿತ್ರ ಅಂಟಿಸಿದ ಹಾಗೆ. ಯಂತ್ರ ಓಡುತ್ತದೆ, ನಿಜ. ಆದರೆ ಆ ಸೆನ್ಸರ್ ಯಾವುದು? ಎಣಿಕೆಯದ್ದಾದರೆ ಲೆಕ್ಕ ತಪ್ಪುತ್ತದೆ, ಅಷ್ಟೇ. ಸಿಲಿಂಡರ್ ಹಿಂದಕ್ಕೆ ಬಂದಿದೆ ಅಂತ ಹೇಳುವ ಸೆನ್ಸರ್ ಆದರೆ, ಸಿಲಿಂಡರ್ ಹೊರಗೇ ನಿಂತಿದ್ದರೂ ಪ್ರೆಸ್ ಕೆಳಗಿಳಿಯುತ್ತದೆ. ಗಾರ್ಡ್ ಬಾಗಿಲಿನದ್ದಾದರೆ, ಆ ಮಾತನ್ನು ಇಲ್ಲಿಗೇ ನಿಲ್ಲಿಸಿ. ಅದನ್ನು ಫೋರ್ಸ್ ಮಾಡುವ ಹಾಗಿಲ್ಲ, ಎರಡು ದಿನ ಯಂತ್ರ ನಿಂತರೂ ಸರಿ.

ಪರೀಕ್ಷೆಗೆ ಫೋರ್ಸ್ ಮಾಡಲೇಬೇಕಾಗಿ ಬಂದರೆ, ಯಂತ್ರದ ಸುತ್ತ ಯಾರೂ ಇಲ್ಲ ಅಂತ ಕಣ್ಣಾರೆ ನೋಡಿ. ಯಾವ ಇನ್‌ಪುಟ್, ಯಾವ ಹೊತ್ತಿಗೆ, ಯಾರು ಹಾಕಿದ್ದು ಅಂತ ಕಾಗದದಲ್ಲಿ ಬರೆದು ಪ್ಯಾನೆಲ್ ಬಾಗಿಲಿಗೆ ಅಂಟಿಸಿ. ಹೊರಡುವ ಮೊದಲು ತೆಗೆಯಿರಿ. ಎಷ್ಟೋ ಪಿಎಲ್‌ಸಿಗಳಲ್ಲಿ ಫೋರ್ಸ್ ಇದ್ದರೆ ಉರಿಯುವ ಲೈಟೇ ಇರುತ್ತದೆ. ನೀವು ಪಾಳಿಗೆ ಬಂದಾಗ ಆ ಲೈಟ್ ಉರಿಯುತ್ತಿದ್ದು, ಬಾಗಿಲ ಮೇಲೆ ಕಾಗದ ಇಲ್ಲದಿದ್ದರೆ, ಹಿಂದಿನ ಪಾಳಿಯವರಿಗೆ ಫೋನ್ ಮಾಡಿ ಕೇಳಿ. ಅಲ್ಲಿಯವರೆಗೆ ಸ್ಟಾರ್ಟ್ ಬಟನ್ ಮುಟ್ಟಬೇಡಿ.